ಕಾರಣ ಬರೆದು ಕೊಡಿ, ಸಾಹೇಬರೇ!

ಇದನ್ನು ಓದಿ "ನೋಡ್ರಪ್ಪಾ, ಕೇರಿ ಹುಡುಗರ ಕೈಗೆ ಕೋವಿ ಕೊಡಿ ಅಂತ ಬರೆದವ್ನೆ" ಅಂತ ಸುದ್ದಿ ಹಬ್ಬಿಸೋರು ಇದ್ದೇ ಇರ್ತಾರೆ. ಅವರಿಗೆ ಮೊದಲೇ ಹೇಳಿಬಿಡ್ತೀನಿ. ನನಗೆ ಕೋವಿ ಬೇಡ. ಹಾಸ್ಟೆಲ್ಲಿನ ಟ್ರಂಕಿನಲ್ಲಿ ಪುಸ್ತಕ ಇಡೋಕೇ ಜಾಗ ಇಲ್ಲ. ನಾನು ಕೇಳ್ತಿರೋದು ಒಂದೇ ಪ್ರಶ್ನೆ. ಈ ದೇಶದಲ್ಲಿ ಕೋವಿ ಹಿಡಿಯೋಕೆ ಒಬ್ಬ ಯೋಗ್ಯ, ಇನ್ನೊಬ್ಬ ಅಯೋಗ್ಯ ಅಂತ ತೀರ್ಮಾನ ಮಾಡೋರು ಯಾರು? ಯಾವ ಅಳತೆಗೋಲು ಹಿಡಿದು? ಆ ತೀರ್ಮಾನದ ಕಾರಣವನ್ನು ಕಾಗದದ ಮೇಲೆ ಬರೆದು ಕೊಡ್ತಾರಾ, ಇಲ್ಲಾ ಜಗಲಿ ಮೇಲೆ ಪಿಸುಗುಟ್ಟಿ ಮುಗಿಸ್ತಾರಾ?

"ಇವನು ಯೋಗ್ಯನಲ್ಲ" ಅನ್ನೋ ಮಾತು ನಮಗೆ ಹೊಸದಲ್ಲ. ಬಾವಿಗೆ ಯೋಗ್ಯರಲ್ಲ ಅಂದರು. ಗುಡಿಗೆ ಯೋಗ್ಯರಲ್ಲ ಅಂದರು. ಹೋಟೆಲಿನ ಲೋಟಕ್ಕೂ ಯೋಗ್ಯರಲ್ಲ ಅಂದರು. ಯಾರೂ ಕಾರಣ ಬರೆದು ಕೊಡಲಿಲ್ಲ. ಕಾರಣ ಕೇಳಿದವನಿಗೆ ಅವನ ಬೆನ್ನ ಮೇಲೇ ಬರೆದರು. ಅದಕ್ಕೇ ಯೋಗ್ಯತೆ ಅನ್ನೋ ಪದ ಯಾವ ಕಾಯ್ದೆಯಲ್ಲಿ ಕಂಡರೂ ನಾವು ಕಿವಿ ನಿಮಿರಿಸಬೇಕು. ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಆ ಪದ ಇದೆ. ಅದರ ಪಕ್ಕದಲ್ಲೇ ಇನ್ನೊಂದು ಪದ ಇದೆ: ಚಿತ್ತ ಸ್ವಸ್ಥವಿಲ್ಲದವನು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಹುಚ್ಚ.

ಕಾಯ್ದೆಯ ಕಥೆ

1878ರಲ್ಲಿ ವೈಸರಾಯ್ ಲಿಟ್ಟನ್ ಎರಡು ಕಾಯ್ದೆ ತಂದ. ಒಂದು ದೇಶಭಾಷೆಯ ಪತ್ರಿಕೆಗಳ ಬಾಯಿಗೆ ಹಾಕಿದ ಬೀಗ. ಇನ್ನೊಂದು ಶಸ್ತ್ರಾಸ್ತ್ರ ಕಾಯ್ದೆ. ಭಾರತೀಯ ಕೋವಿ ಇಟ್ಟುಕೊಳ್ಳಬೇಕಾದರೆ ಪರವಾನಗಿ ಬೇಕು, ಬಿಳಿಯನಿಗೆ ಬೇಡ. ಇದು ಅವಮಾನ ಅಂತ ನಮ್ಮ ರಾಷ್ಟ್ರೀಯ ನಾಯಕರು ಕೂಗಿದರು. ಕೂಗಿದ್ದು ಸರಿ. ಆದರೆ ತಮ್ಮ ಊರಿನಲ್ಲೇ ಎಂದೂ ಬರೆಯದ ಒಂದು ಶಸ್ತ್ರಾಸ್ತ್ರ ಕಾಯ್ದೆ ತಲೆತಲಾಂತರದಿಂದ ನಡೀತಿದೆ ಅಂತ ಅವರಲ್ಲಿ ಎಷ್ಟು ಜನಕ್ಕೆ ನೆನಪಾಯ್ತು? ಬಾಬಾಸಾಹೇಬರು 1936ರಲ್ಲಿ 'ಜಾತಿ ವಿನಾಶ' ಬರೆದಾಗ ಇದರ ಮೇಲೇ ಬೆರಳಿಟ್ಟರು. ಚಾತುರ್ವರ್ಣ್ಯ ಕೆಳಗಿನವರ ಕೈಯಿಂದ ಆಯುಧವನ್ನೂ ವಿದ್ಯೆಯನ್ನೂ ಒಟ್ಟಿಗೇ ಕಿತ್ತುಕೊಂಡಿತು, ಅದಕ್ಕೇ ಅವರು ತಿರುಗಿ ಬೀಳೋಕೆ ಆಗಲಿಲ್ಲ ಅಂತ ತೋರಿಸಿಕೊಟ್ಟರು.

ಅವರ ಮನೆಯಲ್ಲೇ ಇದಕ್ಕೆ ಸಾಕ್ಷಿ ಇತ್ತು. ತಂದೆ ರಾಮಜಿ ಸಕ್ಪಾಲರು ಸೇನೆಯಲ್ಲಿ ಸುಬೇದಾರ್ ಆಗಿದ್ದವರು. ಅದೇ ಸೇನೆ 1892ರ ಹೊತ್ತಿಗೆ ಮಹಾರರ ಭರ್ತಿಯನ್ನೇ ನಿಲ್ಲಿಸಿತು. ಯುದ್ಧ ಮಾಡೋ ಜನಾಂಗ ಇದು, ಮಾಡದ ಜನಾಂಗ ಅದು ಅಂತ ಬ್ರಿಟಿಷ್ ಅಧಿಕಾರಿಗಳು ಪಟ್ಟಿ ಬರೆದಿದ್ದರು. ನಿನ್ನೆವರೆಗೆ ಕೋವಿ ಹಿಡಿದು ಅವರಿಗಾಗಿ ಸತ್ತವರು ಬೆಳಗಾಗೋದರೊಳಗೆ ಅಯೋಗ್ಯರಾದರು. ಮಹಾರ್ ರೆಜಿಮೆಂಟ್ ಹುಟ್ಟೋಕೆ 1941 ಬರಬೇಕಾಯ್ತು. ಆ 50 ವರ್ಷದಲ್ಲಿ ಮಹಾರರ ರಕ್ತ ಬದಲಾಗಿತ್ತಾ? ಅಧಿಕಾರಿಯ ಪಟ್ಟಿ ಬದಲಾಗಿತ್ತು, ಅಷ್ಟೇ.

ಸ್ವಾತಂತ್ರ್ಯ ಬಂತು. 1959ರಲ್ಲಿ ಹೊಸ ಶಸ್ತ್ರಾಸ್ತ್ರ ಕಾಯ್ದೆ ಬಂತು. ಇವತ್ತಿಗೂ ಜಾರಿಯಲ್ಲಿರೋದು ಅದೇ. ಗೆಳೆಯರೇ, ಅದರ 14ನೇ ಕಲಂ ಒಂದನ್ನಾದರೂ ಓದಿಕೊಳ್ಳಿ. ಪರವಾನಗಿ ಯಾವಾಗ ನಿರಾಕರಿಸಬಹುದು ಅಂತ ಅದರಲ್ಲಿದೆ. ಅರ್ಜಿದಾರನ ಚಿತ್ತ ಸ್ವಸ್ಥವಾಗಿಲ್ಲ ಅಂತ ಅಧಿಕಾರಿಗೆ ನಂಬೋಕೆ ಕಾರಣ ಇದ್ದರೆ ನಿರಾಕರಿಸಬಹುದು. "ಯಾವುದೇ ಕಾರಣದಿಂದ" ಅವನು ಅಯೋಗ್ಯ ಅಂತ ಕಂಡರೂ ನಿರಾಕರಿಸಬಹುದು. ಸಾರ್ವಜನಿಕ ಶಾಂತಿಗೆ ಅಗತ್ಯ ಅನ್ನಿಸಿದರೂ ನಿರಾಕರಿಸಬಹುದು. ಯಾವುದೇ ಕಾರಣ! ಈ ಎರಡು ಪದದೊಳಗೆ ಇಡೀ ಊರಿನ ಜಾತಿಯೇ ಹಿಡಿಸ್ತದೆ.

ಆದರೆ ಅದೇ ಕಲಮಿನಲ್ಲಿ ನಮಗೆ ಬೇಕಾದ ಎರಡು ಮಾತೂ ಇವೆ. ಸಾಕಷ್ಟು ಆಸ್ತಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ಕಾರಣ ಬರೆದಿಡಬೇಕು, ಕೇಳಿದರೆ ಅದರ ಸಾರಾಂಶ ಕೊಡಬೇಕು. ಕೊಡೋದು ಸಾರ್ವಜನಿಕ ಹಿತಕ್ಕೆ ವಿರುದ್ಧ ಅನ್ನಿಸಿದರೆ ಮಾತ್ರ ಕೊಡದೇ ಇರಬಹುದು. 17ನೇ ಕಲಂ ಕೊಟ್ಟ ಪರವಾನಗಿ ಕಿತ್ತುಕೊಳ್ಳೋದರದ್ದು, ಅದಕ್ಕೂ ಕಾರಣ ಬರೆಯಬೇಕು. 18ನೇ ಕಲಂ ಮೇಲ್ಮನವಿಯದ್ದು. ಮೇಲಿನ ಅಧಿಕಾರಿ ಅರ್ಜಿದಾರನ ಮಾತು ಕೇಳಲೇಬೇಕು. ಕಾರಣ ಹೇಳೋದು, ಮಾತು ಕೇಳೋದು, ಮೇಲ್ಮನವಿಗೆ ದಾರಿ ಬಿಡೋದು: ನ್ಯಾಯಬದ್ಧ ಕ್ರಮ ಅಂತ ದೊಡ್ಡವರು ಹೇಳೋದು ಇದಕ್ಕೇ. ದೊಡ್ಡ ಮಾತು ಏನಲ್ಲ ಇದು. ಕೇರಿಯ ಅಜ್ಜಿಯೂ ಕೇಳ್ತಾಳೆ: "ಯಾಕಪ್ಪಾ ಬೇಡ ಅಂತೀಯೆ? ಹೇಳು."

ಸೇತುವೆಯ ಆಚೆ, ಸೇತುವೆಯ ಈಚೆ

ನಮ್ಮ ಹುಣಸೂರು ಉಪವಿಭಾಗದ ಒಂದು ತುದಿಗೆ ಹೋಗಿ ನಿಲ್ಲಿ. ಪಿರಿಯಾಪಟ್ಟಣ ದಾಟಿ, ಕೊಪ್ಪ ದಾಟಿ, ಕಾವೇರಿ ಸೇತುವೆ ಮೇಲೆ ನಡೆದರೆ ಕುಶಾಲನಗರ. ಬೆಳಗ್ಗೆ ಜೀಪು ತುಂಬ ನಮ್ಮವರು ಕಾಫಿ ತೋಟದ ಕೂಲಿಗೆ ಹೋಗೋ ದಾರಿ ಅದು. ಆ ಸೇತುವೆ ದಾಟಿದರೆ ಕೋವಿಯ ಕಾನೂನೂ ಬದಲಾಗ್ತದೆ.

1857ರ ದಂಗೆ ಅಡಗಿದ ಮೇಲೆ ಬ್ರಿಟಿಷರು ಜನರ ಆಯುಧ ಕಿತ್ತುಕೊಂಡರು. ಆಗ, 1861ರಲ್ಲಿ, ಕಮೀಷನರ್ ಮಾರ್ಕ್ ಕಬ್ಬನ್ ಕೊಡಗರಿಗೆ ಮಾತ್ರ ವಿನಾಯಿತಿ ಕೊಟ್ಟ. ಕಂಪನಿಗೆ ನಿಷ್ಠೆ ತೋರಿಸಿದ್ದಕ್ಕೆ ಬಹುಮಾನ ಅದು. ಸ್ವತಂತ್ರ ಭಾರತದ ಸರ್ಕಾರ ಅದನ್ನೇ ಮುಂದುವರಿಸಿತು. ಕೊಡವ ಜನಾಂಗದವರು, ಕೊಡಗಿನ ಜಮ್ಮಾ ಹಿಡುವಳಿದಾರರು ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರವರೆಗೆ ವಿಸ್ತರಿಸಿತು. ಇದು ಸಮಾನತೆಗೆ ವಿರುದ್ಧ ಅಂತ ಕೊಡಗಿನವರೇ ಆದ ನಿವೃತ್ತ ಸೇನಾ ಕ್ಯಾಪ್ಟನ್ ಒಬ್ಬರು ಹೈಕೋರ್ಟಿಗೆ ಹೋದರು. 2021ರ ಸೆಪ್ಟೆಂಬರ್ 22ರಂದು ಕರ್ನಾಟಕ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಕೊಡವರು ಯೋಧ ಜನಾಂಗ, ಈ ಸವಲತ್ತು ಸ್ವಾತಂತ್ರ್ಯಕ್ಕೂ ಹಿಂದಿನದು, ಕಾಲಮಿತಿಯೂ ಇದೆ ಅಂತ ಹೇಳಿತು.

ಕೊಡವರ ಮೇಲೆ ನಮಗೆ ಜಗಳ ಇಲ್ಲ. ಅವರು ಕೋವಿಯನ್ನು ಪೂಜೆ ಮಾಡ್ತಾರೆ, ಮಗು ಹುಟ್ಟಿದಾಗ, ಮನುಷ್ಯ ಸತ್ತಾಗ ಹಾರಿಸ್ತಾರೆ. ಅದು ಅವರ ಬದುಕು. ಜಮ್ಮಾ ಹಿಡುವಳಿದಾರರಲ್ಲಿ ಕೊಡವರಲ್ಲದವರೂ ಇದ್ದಾರೆ. ನಮ್ಮ ಜಗಳ ಸರ್ಕಾರದ ಅಳತೆಗೋಲಿನ ಜೊತೆ. ಅದೇ ತೋಟದ ಲೈನ್ ಮನೆಯಲ್ಲಿ ತಲೆಮಾರಿನಿಂದ ಬದುಕಿರೋ ಯರವ ಯಾವ ಜನಾಂಗ? ಆನೆ ಬಂದರೆ ತಮಟೆ ಬಡಿದು ಓಡಿಸೋ ಅವನಿಗೆ ಸರ್ಕಾರ ಯಾವ ಹೆಸರು ಕೊಟ್ಟಿದೆ? ಯೋಗ್ಯತೆ ಹುಟ್ಟಿನಿಂದ ಬರ್ತದೆ ಅನ್ನೋದಾದರೆ ಅಯೋಗ್ಯತೆಯೂ ಹುಟ್ಟಿನಿಂದಲೇ ಬರ್ತದೆ. ನಾಣ್ಯಕ್ಕೆ ಒಂದೇ ಮುಖ ಇರೋದನ್ನ ಯಾರಾದರೂ ಕಂಡಿದ್ದೀರಾ?

ಇನ್ನೂ ಒಂದು ತಮಾಷೆ ಕೇಳಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿ ಅರ್ಜಿಯ ಜೊತೆ ವೈದ್ಯರ ಸರ್ಟಿಫಿಕೇಟು ಕೊಡಬೇಕು. ಮೈ ನೆಟ್ಟಗಿದೆ, ಮನಸ್ಸು ನೆಟ್ಟಗಿದೆ, ಕುಡಿತ ಮತ್ತಿನ ದಾಸ ಅಲ್ಲ ಅಂತ ಅದರಲ್ಲಿರಬೇಕು. ಒಳ್ಳೆಯದೇ. ಆದರೆ ಪರವಾನಗಿಯೇ ಬೇಡ ಅಂದಮೇಲೆ ಪರವಾನಗಿ ಅರ್ಜಿಯ ಸರ್ಟಿಫಿಕೇಟು ಎಲ್ಲಿಂದ ಬರಬೇಕು? ಸೇತುವೆಯ ಈಚೆ ಮನಸ್ಸಿಗೂ ಪರೀಕ್ಷೆ, ಆಚೆ ವಂಶವೇ ಪ್ರಮಾಣಪತ್ರ. ಮನಸ್ಸು ಕೆಡೋದು ಜಾತಿ ನೋಡಿಕೊಂಡಾ?

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ

ಈಗ ಸೇತುವೆಯ ಈಚೆಗೆ ಬನ್ನಿ. ಹುಣಸೂರು, ಪಿರಿಯಾಪಟ್ಟಣ, ಹೆಚ್.ಡಿ.ಕೋಟೆಯ ಕಾಡಂಚಿನಲ್ಲಿ ಆನೆ, ಹಂದಿ ಹೊಲಕ್ಕೆ ನುಗ್ಗೋದು ದಿನದ ಮಾತು. ಬೆಳೆ ಕಾಯೋಕೆ ಕೇಪಿನ ಕೋವಿ ಕೇಳಿದ ರೈತನಿಗೆ ಪರವಾನಗಿ ಕೊಡಬೇಕು ಅಂತ ಕಾಯ್ದೆಯ 13ನೇ ಕಲಮಿನಲ್ಲೇ ಇದೆ. ಬೆಳೆ ಕಾಯೋದು ನಿಜ ಅಂತ ತೋರಿಸಬೇಕು. ತೋರಿಸೋದು ಯಾವುದರಿಂದ? ಪಹಣಿಯಿಂದ. ಬಗರ್ ಹುಕುಂ ಸಾಗುವಳಿ ಮಾಡಿ, ಅರ್ಜಿ ಹಾಕಿ, ಸಕ್ರಮಕ್ಕೆ ಕಾದು ಕೂತವನ ಹೆಸರು ಪಹಣಿಯಲ್ಲಿ ಎಲ್ಲಿರ್ತದೆ? ಆಸ್ತಿ ಇಲ್ಲ ಅಂತ ನಿರಾಕರಿಸಬಾರದು ಅನ್ನೋ ಕಾಯ್ದೆ ಆಸ್ತಿಯ ಕಾಗದದ ಮುಂದೆ ಬಂದು ಮಂಡಿ ಊರ್ತದೆ. ಹಂದಿಗೆ ಮಾತ್ರ ಪಹಣಿ ಬೇಡ. ಅದು ಎಲ್ಲರ ರಾಗಿಯನ್ನೂ ತಿಂತದೆ.

ಎರಡನೇದು ಪೊಲೀಸ್ ವರದಿ. ಅರ್ಜಿ ಠಾಣೆಗೆ ಬರ್ತದೆ. ಪೇದೆ ಊರಿಗೆ ಬರ್ತಾನೆ. ಬಂದವನು ಯಾರ ಜಗಲಿ ಮೇಲೆ ಕೂತು ಕಾಫಿ ಕುಡೀತಾನೆ? ಯಾರನ್ನ ಕೇಳ್ತಾನೆ, "ಆ ಹುಡುಗ ಹೆಂಗೆ?" ಅಂತ? "ಅಯ್ಯೋ ಅವನಾ? ಸಂಘ ಗಿಂಘ ಅಂತ ತಿರುಗ್ತಾನೆ. ತಲೆ ಸರಿ ಇಲ್ಲ." ಇಷ್ಟೇ ಸಾಕು. ಈ ಮಾತು ವರದಿಯಾಗ್ತದೆ, ವರದಿ ಷರಾ ಆಗ್ತದೆ, ಷರಾ ಆದೇಶ ಆಗ್ತದೆ.

ಮೂರನೇದು ಮುಚ್ಚಳಿಕೆ. ಊರಲ್ಲಿ ಗಲಾಟೆ ಆಯ್ತು ಅನ್ನಿ. ಹಬ್ಬದ ಮೆರವಣಿಗೆ ಕೇರಿಗೆ ಬರಲಿಲ್ಲ, ಕೇಳೋಕೆ ಹೋದವರಿಗೆ ಏಟು ಬಿತ್ತು. ಪೊಲೀಸರು ಬಂದು ಎರಡೂ ಕಡೆಯವರನ್ನು ತಹಸೀಲ್ದಾರರ ಮುಂದೆ ನಿಲ್ಲಿಸ್ತಾರೆ. ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 107 ಅಂತಿದ್ದದ್ದು, 2024ರ ಜುಲೈ 1ರಿಂದ ಬಂದಿರೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 126 ಆಗಿದೆ. ನಂಬರು ಹೊಸದು, ಏಟು ಹಳೇದು. ಹೊಡೆದವನೂ ಹೊಡೆಸಿಕೊಂಡವನೂ ಒಂದೇ ಮುಚ್ಚಳಿಕೆಗೆ ರುಜು ಹಾಕಬೇಕು. ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಂ ಹೇಳ್ತದೆ: ಆದೇಶವಾದ ಆ ಮುಚ್ಚಳಿಕೆ ಜಾರಿಯಲ್ಲಿರೋ ತನಕ ಅವನು ಕೋವಿ ಹಿಡಿಯುವಂತಿಲ್ಲ. ಎರಡೂ ಕಡೆಗೆ ಸಮ ನ್ಯಾಯ ಅಂತಾರೆ. ಒಂದು ಕಡೆಯವರ ತೊಟ್ಟಿಮನೆ ಗೋಡೆ ಮೇಲೆ ಅಜ್ಜನ ಕಾಲದ ಜೋಡು ನಳಿಗೆ ಕೋವಿ, ಇನ್ನೊಂದು ಕಡೆಯವರ ಗುಡಿಸಲಿಗೆ ಸರಿಯಾದ ಗೋಡೆಯೇ ಇಲ್ಲದಿದ್ದಾಗ, ಈ ಸಮ ಅನ್ನೋ ಪದದ ಅರ್ಥ ಏನು?

ಗೋಡೆ ಮೇಲಿನ ಕೋವಿ ಒಂದು ಸಲವೂ ಹಾರಬೇಕಾಗಿಲ್ಲ. ಅದು ನೇತಾಡ್ತಾ ಇದ್ದರೆ ಸಾಕು, ಕೂಲಿ ದರ ಮಾತಾಡೋಕೆ ಬಂದವನ ದನಿ ತಾನಾಗಿಯೇ ಇಳೀತದೆ.

ಇನ್ನು ಕಾಡಿನ ಒಳಗೆ ಸರ್ಕಾರದ್ದೇ ಕೋವಿ ಇದೆ. 2021ರ ಡಿಸೆಂಬರಿನಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಹಾಡಿಯೊಂದರ ಜೇನುಕುರುಬನಿಗೆ ಅರಣ್ಯ ಸಿಬ್ಬಂದಿಯ ಗುಂಡು ತಗುಲಿತು. 2022ರ ಅಕ್ಟೋಬರಿನಲ್ಲಿ ಹೆಚ್.ಡಿ.ಕೋಟೆ ಕಡೆಯ ಹಾಡಿಯ ಒಬ್ಬ ಗಿರಿಜನನನ್ನು ಜಿಂಕೆ ಮಾಂಸದ ಆರೋಪದ ಮೇಲೆ ಹಿಡಿದುಕೊಂಡು ಹೋದರು. ಅವನು ಬದುಕಿ ವಾಪಸ್ ಬರಲಿಲ್ಲ. ಸಿಬ್ಬಂದಿಯ ಮೇಲೆ ಕೇಸು ದಾಖಲಾಯ್ತು. ಹಾಡಿಯವನು ಕೋವಿ ಕೇಳಿದರೆ ಮೈ ಮನಸ್ಸು ಎರಡನ್ನೂ ಪರೀಕ್ಷೆ ಮಾಡೋ ಸರ್ಕಾರ, ಅವನ ಮೇಲೆ ಗುರಿ ಇಡೋ ಕೈಗಳ ಮನಸ್ಸನ್ನ ಎಷ್ಟು ಸಲ ಪರೀಕ್ಷೆ ಮಾಡಿದೆ? ಕೇಳಬಾರದಾ?

ಹುಚ್ಚ ಅಂತ ಕರೆಯೋ ಅಧಿಕಾರ

ಈಗ ಮುಖ್ಯ ಮಾತಿಗೆ ಬರ್ತೀನಿ. ಹಾಸ್ಟೆಲ್ ಗೆಳೆಯರು ಇದನ್ನ ನಿಧಾನವಾಗಿ ಓದಬೇಕು.

1912ರಲ್ಲಿ ಬ್ರಿಟಿಷರು ಹುಚ್ಚರ ಕಾಯ್ದೆ ಮಾಡಿದರು. ಚಿತ್ತ ಸ್ವಸ್ಥವಿಲ್ಲದವನು ಅನ್ನೋ ಪದ ಆ ಕಾಲದ್ದು. 1959ರ ಶಸ್ತ್ರಾಸ್ತ್ರ ಕಾಯ್ದೆ ಆ ಪದವನ್ನ ಹಾಗೇ ಎತ್ತಿಕೊಂಡಿತು. ಹುಚ್ಚರ ಕಾಯ್ದೆ ಹೋಯಿತು. 1987ರಲ್ಲಿ ಒಂದು ಕಾಯ್ದೆ ಬಂದು ಅದೂ ಹೋಯಿತು. ಈಗ ಇರೋದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಅದರ 3ನೇ ಕಲಂ ನಮಗಾಗಿಯೇ ಬರೆದಂತಿದೆ. ಒಬ್ಬನಿಗೆ ಮಾನಸಿಕ ಕಾಯಿಲೆ ಇದೆ ಅಂತ ತೀರ್ಮಾನ ಮಾಡೋಕೆ ಅವನ ರಾಜಕೀಯ, ಆರ್ಥಿಕ, ಸಾಮಾಜಿಕ ಸ್ಥಾನಮಾನ ಆಧಾರ ಆಗಕೂಡದು. ಅವನು ಯಾವ ಗುಂಪಿನವನು ಅನ್ನೋದೂ ಆಗಕೂಡದು. ಊರಿನ ರೀತಿ ನೀತಿಗೆ, ರಾಜಕೀಯ ನಂಬಿಕೆಗೆ ಹೊಂದಿಕೊಳ್ಳಲಿಲ್ಲ ಅನ್ನೋದೂ ಆಗಕೂಡದು. ಹಿಂದೆ ಚಿಕಿತ್ಸೆ ತಗೊಂಡಿದ್ದ ಅನ್ನೋದೊಂದೇ ಇವತ್ತಿನ ಕಾಯಿಲೆಗೆ ಸಾಕ್ಷಿ ಅಲ್ಲ. ಕೊನೆಯದು ಎಲ್ಲಕ್ಕಿಂತ ದೊಡ್ಡದು: ಕಾಯಿಲೆ ಇದೆ ಅಂತ ವೈದ್ಯರು ಹೇಳಿದ ಮಾತ್ರಕ್ಕೆ ಅವನು ಚಿತ್ತ ಸ್ವಸ್ಥವಿಲ್ಲದವನು ಅಂತ ಆಗೋದಿಲ್ಲ. ಹಾಗಂತ ಹೇಳಬೇಕಾದರೆ ಅಧಿಕಾರ ಇರೋ ನ್ಯಾಯಾಲಯವೇ ಹೇಳಬೇಕು.

ಎರಡು ಕಾಯ್ದೆಗಳನ್ನ ಅಕ್ಕಪಕ್ಕ ಇಟ್ಟು ನೋಡಿ. ಒಂದು ಹೇಳ್ತದೆ, ಅಧಿಕಾರಿಗೆ ನಂಬೋಕೆ ಕಾರಣ ಇದ್ದರೆ ಸಾಕು. ಇನ್ನೊಂದು ಹೇಳ್ತದೆ, ನ್ಯಾಯಾಲಯ ಹೇಳಬೇಕು. ನಮ್ಮ ವಾದ ಸರಳ. 1959ರ ಪದಕ್ಕೆ 2017ರ ಅರ್ಥವನ್ನೇ ಕೊಡಬೇಕು. ಪೇದೆಯ ಷರಾ ಸಾಲದು, ಯಜಮಾನರ ಗೊಣಗಾಟ ಸಾಲದು, ಹಳೇ ಆಸ್ಪತ್ರೆ ಚೀಟಿಯೂ ಸಾಲದು.

"ಅಯ್ಯಾ, ಕೋವಿ ಕೇಳದ ಹುಡುಗನಿಗೆ ಇದೆಲ್ಲ ಯಾಕೆ?" ಅಂತೀರಾ? ಇದು ಕೋವಿಗೆ ನಿಲ್ಲೋ ವಿಷಯ ಅಲ್ಲ. ಹಾಸ್ಟೆಲ್ಲಿನಲ್ಲಿ ಎಷ್ಟು ಹುಡುಗರು ರಾತ್ರಿ ನಿದ್ದೆ ಇಲ್ಲದೆ ಹೊರಳಾಡ್ತಾರೆ ಅಂತ ನಿಮಗೆ ಗೊತ್ತು. ಫೀಸು ಕಟ್ಟಿಲ್ಲ, ಸ್ಕಾಲರ್‌ಶಿಪ್ ಬಂದಿಲ್ಲ, ತರಗತಿಯಲ್ಲಿ ಅಡ್ಡಹೆಸರು, ಊರಲ್ಲಿ ಅಪ್ಪನ ಸಾಲ. 2016ರ ಜನವರಿಯಲ್ಲಿ ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ಹೋದಮೇಲೂ ನಾವು ಬಾಯಿ ಬಿಡೋದಿಲ್ಲ. ಡಾಕ್ಟರ ಹತ್ತಿರ ಹೋಗು ಅಂದರೆ ಹೆದರ್ತಾರೆ. "ಹುಚ್ಚ ಅಂತ ಬರೆದುಬಿಡ್ತಾರೆ. ನಾಳೆ ಕೆಲಸಕ್ಕೆ ಪೊಲೀಸ್ ವೆರಿಫಿಕೇಷನ್ನಿನಲ್ಲಿ ಬರ್ತದೆ." ಕೋವಿಯ ಕಾಯ್ದೆಯಲ್ಲಿ ಹುಚ್ಚ ಅನ್ನೋ ಪದವನ್ನ ಯಾರು ಬೇಕಾದರೂ ಎಸೆಯಬಹುದು ಅಂತಾದರೆ, ಅದು ನೌಕರಿಗೂ ಬಂದು ಬೀಳ್ತದೆ, ಮದುವೆಗೂ ಬೀಳ್ತದೆ, ಜಮೀನಿನ ಪಾಲಿಗೂ ಬೀಳ್ತದೆ. ಅದಕ್ಕೇ ಬಾಗಿಲಲ್ಲೇ ತಡೆಯಬೇಕು. ಇದನ್ನೂ ತಿಳಿದುಕೊಳ್ಳಿ: ಅದೇ 2017ರ ಕಾಯ್ದೆ ರೋಗಿಯ ವಿಷಯ ಗುಟ್ಟಾಗಿಡಬೇಕು ಅಂತದೆ. ಪ್ರಾಣ ಕಳೆದುಕೊಳ್ಳೋಕೆ ಹೋದವನು ತೀವ್ರ ಒತ್ತಡದಲ್ಲಿದ್ದ ಅಂತಲೇ ಭಾವಿಸಬೇಕು, ಅವನಿಗೆ ಶಿಕ್ಷೆ ಕೊಡಬಾರದು ಅಂತಲೂ ಹೇಳ್ತದೆ.

ಹಾಗಾದರೆ ನಿಜವಾಗಿ ಮನಸ್ಸು ಕೆಟ್ಟವನ ಕೈಯಲ್ಲಿ ಕೋವಿ ಇರಬಹುದಾ? ಇರಬಾರದು. ಇದರಲ್ಲಿ ಎರಡು ಮಾತಿಲ್ಲ. ಮಾನಸಿಕ ಕಾಯಿಲೆ ಇರೋರಲ್ಲಿ ಹೆಚ್ಚಿನವರು ಯಾರಿಗೂ ಕೈ ಎತ್ತೋದಿಲ್ಲ, ಏಟು ತಿನ್ನೋದೇ ಹೆಚ್ಚು. ದೊಡ್ಡ ಅಪಾಯ ಅವರಿಗೇ. ಸಾಯಬೇಕು ಅಂತ ಒಂದು ರಾತ್ರಿ ಅನ್ನಿಸಿದವನ ಕೈಗೆಟುಕೋ ಕಡೆ ಕೋವಿ ಇದ್ದರೆ, ಆ ರಾತ್ರಿ ದಾಟೋದು ಕಷ್ಟ. ಅಂಥ ಹೊತ್ತಿನಲ್ಲಿ ಕೋವಿಯನ್ನ ಮನೆಯಿಂದ ತೆಗೆಯಬೇಕು. ಮೊದಲು ತೆಗೆಯಿರಿ, ಬೇಗ ವಿಚಾರಣೆ ಮಾಡಿ, ವೈದ್ಯರ ಮಾತು ಕೇಳಿ, ಅವನ ಮಾತೂ ಕೇಳಿ. ಎಷ್ಟು ದಿನಕ್ಕೆ ಅಂತ ಹೇಳಿ. ಗುಣವಾದ ಮೇಲೆ ಮತ್ತೆ ಅರ್ಜಿ ಹಾಕೋ ದಾರಿ ಬಿಡಿ. ಈ ಅಳತೆ ಎಲ್ಲರಿಗೂ ಒಂದೇ ಇರಲಿ. ಸಂಜೆಯಾದರೆ ಕುಡಿದು ಹೆಂಡತಿಯ ಮೇಲೆ ಕೋವಿ ಎತ್ತೋ ಶ್ರೀಮಂತನ ಪರವಾನಗಿ ನವೀಕರಣಕ್ಕೆ ಬಂದಾಗಲೂ ಅದೇ ಅಳತೆ ಹಿಡಿಯಲಿ.

ಪ್ಯಾಂಥರುಗಳ ಪಾಠ

ಈ ಆಟ ನಮ್ಮಲ್ಲಿ ಮಾತ್ರ ನಡೆದಿದ್ದಲ್ಲ. ಅಮೆರಿಕದಲ್ಲಿ 1857ರ ಡ್ರೆಡ್ ಸ್ಕಾಟ್ ತೀರ್ಪಿನಲ್ಲಿ ಮುಖ್ಯ ನ್ಯಾಯಾಧೀಶ ಟಾನಿ ಕರಿಯರನ್ನು ಪ್ರಜೆಗಳು ಅಂತ ಯಾಕೆ ಒಪ್ಪಬಾರದು ಅಂತ ಹೇಳ್ತಾ, ಒಪ್ಪಿದರೆ ಅವರು ಎಲ್ಲಿ ಹೋದರೂ ಆಯುಧ ಹಿಡಿದುಕೊಂಡು ಹೋಗೋ ಹಕ್ಕು ಬಂದುಬಿಡ್ತದೆ ಅಂದ. 1967ರಲ್ಲಿ ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಪ್ಯಾಂಥರುಗಳು ಕೋವಿ ಹಿಡಿದು ಪೊಲೀಸರ ಹಿಂದೆ ಹಿಂದೆ ಓಡಾಡಿದರು. ಪೊಲೀಸರು ಕರಿಯರನ್ನು ಹೊಡೆಯೋದನ್ನ ಕಾದು ನೋಡ್ತಿದ್ದರು. ಅಲ್ಲಿವರೆಗೆ ಬಿಳಿಯರು ಅದೇ ರೀತಿ ಕೋವಿ ಹಿಡಿದು ಓಡಾಡಿದಾಗ ಯಾರಿಗೂ ತಲೆನೋವಿರಲಿಲ್ಲ. ಕರಿಯನ ಕೈಯಲ್ಲಿ ಕಂಡ ತಕ್ಷಣ ಮಲ್ಫೋರ್ಡ್ ಕಾಯ್ದೆ ಬಂತು. ಗುಂಡು ತುಂಬಿದ ಕೋವಿ ಹಿಡಿದು ಬೀದಿಯಲ್ಲಿ ಓಡಾಡೋದು ಅಪರಾಧ ಆಯ್ತು. ರುಜು ಹಾಕಿದವನು ಗವರ್ನರ್ ರೇಗನ್. ಆ ಪ್ಯಾಂಥರುಗಳ ಹೆಸರು ತಗೊಂಡೇ 1972ರಲ್ಲಿ ಬೊಂಬಾಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿದ್ದು.

ಅಮೆರಿಕದ ಕೋವಿ ಹುಚ್ಚು ನಮಗೆ ಬೇಡ. ಶಾಲೆಯ ಮಕ್ಕಳನ್ನ ಸಾಲಾಗಿ ಹೂಳೋ ಸ್ವಾತಂತ್ರ್ಯ ನಮಗೆ ಬೇಡವೇ ಬೇಡ. ಆದರೆ ಅಲ್ಲಿನ 1968ರ ಕಾಯ್ದೆಯಲ್ಲಿ ಒಂದು ಕಲಿಯೋ ಮಾತಿದೆ. ಮನಸ್ಸಿನ ಕಾರಣಕ್ಕೆ ಕೋವಿ ನಿಷೇಧ ಮಾಡಬೇಕಾದರೆ ನ್ಯಾಯಾಲಯವೋ ಅಧಿಕಾರ ಇರೋ ಮಂಡಳಿಯೋ ತೀರ್ಮಾನ ಕೊಟ್ಟಿರಬೇಕು, ಇಲ್ಲಾ ಕಾನೂನು ಪ್ರಕಾರ ಆಸ್ಪತ್ರೆಗೆ ಒಪ್ಪಿಸಿರಬೇಕು. 2016ರಲ್ಲಿ ಅಲ್ಲಿನ ಸರ್ಕಾರ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮನಸ್ಸಿನ ಕಾಯಿಲೆಗೆ ಸರ್ಕಾರಿ ಭತ್ಯೆ ಪಡೆಯೋರಲ್ಲಿ, ಹಣ ನೋಡಿಕೊಳ್ಳೋಕೆ ಇನ್ನೊಬ್ಬರ ನೆರವು ಬೇಕಾದವರ ಹೆಸರನ್ನ ನಿಷೇಧದ ಪಟ್ಟಿಗೆ ಕಳಿಸೋಕೆ ನಿಯಮ ಮಾಡಿತು. ಅಂಗವಿಕಲರ ಹಕ್ಕಿಗೆ ಹೋರಾಡೋರೇ ಇದನ್ನ ವಿರೋಧಿಸಿದರು. ಲೆಕ್ಕ ಬರದವನು ಕೊಲೆಗಾರ ಅಂತ ಯಾರು ಹೇಳಿದ್ದು ಅಂತ ಕೇಳಿದರು. 2017ರಲ್ಲಿ ಆ ನಿಯಮ ರದ್ದಾಯ್ತು. ಕೋವಿ ವ್ಯಾಪಾರಿಗಳೂ ರದ್ದಾಗಲಿ ಅಂತಲೇ ಕೂಗಿದ್ದರು, ಅವರ ಲಾಭ ಅವರಿಗೆ. ಅಂಗವಿಕಲರ ಪ್ರಶ್ನೆ ಮಾತ್ರ ನಮ್ಮದೂ ಹೌದು.

ನಮ್ಮ ಕೈಯಲ್ಲಿರೋ ನಿಯಮ, ನಮಗೇ ಒಂದು ಪರೀಕ್ಷೆ

ಈಗ ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ಮಾತು. 1989ರ ದೌರ್ಜನ್ಯ ತಡೆ ಕಾಯ್ದೆಗೆ 1995ರಲ್ಲಿ ನಿಯಮಗಳು ಬಂದವು. ಅದರ 3ನೇ ನಿಯಮ ಓದಿ. ದೌರ್ಜನ್ಯ ನಡೆಯಬಹುದು ಅನ್ನಿಸಿದ ಪ್ರದೇಶವನ್ನ ಸರ್ಕಾರ ಗುರುತಿಸಬೇಕು. ಅಗತ್ಯ ಕಂಡರೆ ಅಲ್ಲಿ ಪರಿಶಿಷ್ಟರಲ್ಲದವರ, ಅವರ ಹತ್ತಿರದ ನೆಂಟರ, ಆಳುಗಳ, ಮನೆಯ ಗೆಳೆಯರ ಕೋವಿ ಪರವಾನಗಿ ರದ್ದು ಮಾಡಿ ಕೋವಿಗಳನ್ನ ಸರ್ಕಾರಿ ಶಸ್ತ್ರಾಗಾರಕ್ಕೆ ಹಾಕಿಸಬೇಕು. ಅಕ್ರಮ ಕೋವಿ ಜಪ್ತಿ ಮಾಡಬೇಕು. ಪ್ರಾಣ, ಆಸ್ತಿ ರಕ್ಷಣೆಗೆ ಅಗತ್ಯ ಕಂಡರೆ ಪರಿಶಿಷ್ಟರಿಗೆ ಪರವಾನಗಿ ಕೊಡಬೇಕು.

ಈ ನಿಯಮ ಯಾಕೆ ಬೇಕು ಅಂತ ಕೇಳೋರಿಗೆ ಬಿಹಾರ ತೋರಿ. 1997ರ ಡಿಸೆಂಬರ್ 1ರ ರಾತ್ರಿ ಲಕ್ಷ್ಮಣಪುರ ಬಾಥೆಯಲ್ಲಿ ಭೂಮಾಲೀಕರ ರಣವೀರ ಸೇನೆ 58 ಜನರನ್ನ ಕೋವಿಯಿಂದ ಕೊಂದಿತು. 2013ರಲ್ಲಿ ಪಾಟ್ನಾ ಹೈಕೋರ್ಟು ಶಿಕ್ಷೆಯಾಗಿದ್ದವರನ್ನೆಲ್ಲ ಬಿಡುಗಡೆ ಮಾಡಿತು. ನಮ್ಮ ರಾಜ್ಯದಲ್ಲಿ ಕೋವಿಯೂ ಬೇಕಾಗಲಿಲ್ಲ. 1993ರಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ 3 ಜನ ದಲಿತರನ್ನ ಕೊಂದರು. 2000ದ ಮಾರ್ಚಿನಲ್ಲಿ ಕಂಬಾಲಪಲ್ಲಿಯಲ್ಲಿ 7 ಜನರನ್ನ ಸುಟ್ಟರು. ಬೆಂಕಿಪೊಟ್ಟಣಕ್ಕೆ ಪರವಾನಗಿ ಇಲ್ಲ. ಆದ್ದರಿಂದ ಕೋವಿ ಬಂದರೆ ಕೇರಿ ಸುರಕ್ಷಿತ ಅಂತ ಕನಸು ಕಾಣೋದು ಬೇಡ. ಒಂದು ಕೋವಿಯ ಕೇರಿಯನ್ನ ಹತ್ತು ಕೋವಿಯ ಊರು ಸುತ್ತಿಕೊಳ್ತದೆ, ಮಾರನೇ ದಿನ ಪತ್ರಿಕೆಯಲ್ಲಿ "ಎರಡು ಗುಂಪುಗಳ ಘರ್ಷಣೆ" ಅಂತ ಬರ್ತದೆ. ನಾವು ಒತ್ತಾಯ ಮಾಡಬೇಕಾದ್ದು ಮೊದಲ ಭಾಗವನ್ನ: ಬೆದರಿಕೆ ಹಾಕೋ ಕೋವಿಯನ್ನ ಗೋಡೆಯಿಂದ ಇಳಿಸಿ.

ಆದರೆ ಇಲ್ಲೇ ನಮ್ಮ ಪರೀಕ್ಷೆಯೂ ಇದೆ. ಈ ನಿಯಮ ನೆಂಟ, ಆಳು, ಗೆಳೆಯ ಅಂತ ಸಾಲು ಹಿಡಿದು ಕೋವಿ ಕಿತ್ತುಕೊಳ್ತದೆ. ಗೌಡರ ಆಳು ಯಾರು? ಎಷ್ಟೋ ಸಲ ನಮ್ಮಷ್ಟೇ ಬಡವ. ನೆಂಟ ಅನ್ನೋ ಒಂದೇ ಕಾರಣಕ್ಕೆ ಒಬ್ಬನನ್ನ ಶಾಶ್ವತವಾಗಿ ಅಯೋಗ್ಯ ಅಂದರೆ, ಹುಟ್ಟಿನಿಂದ ನಮ್ಮನ್ನ ಅಯೋಗ್ಯ ಅಂದವರಿಗೂ ನಮಗೂ ಏನು ವ್ಯತ್ಯಾಸ? ಅಪಾಯ ಕಣ್ಣ ಮುಂದಿದ್ದಾಗ ಕೋವಿ ತಕ್ಷಣ ಠಾಣೆ ಸೇರಲಿ. ಆಮೇಲೆ ಅವರಿಗೂ ಕಾರಣ ಬರೆದು ಕೊಡಿ. ಅವರ ಮಾತೂ ಕೇಳಿ. ಅವರೂ ಮೇಲ್ಮನವಿ ಹಾಕಲಿ. ನಮಗೆ ಕೇಳೋ ನ್ಯಾಯವನ್ನ ನಮ್ಮ ಎದುರಾಳಿಗೂ ಕೇಳಿದಾಗಲೇ ನಮ್ಮ ಬಾಯಿಗೆ ಬಲ ಬರೋದು.

ಬಾಬಾಸಾಹೇಬರು ಮಾಡಿದ್ದೂ ಇದನ್ನೇ. ಸಂವಿಧಾನ ಬರೆಯೋವಾಗ ಈಗಿನ 21ನೇ ವಿಧಿಯಿಂದ ನ್ಯಾಯಬದ್ಧ ಕ್ರಮ ಅನ್ನೋ ಮಾತು ಬಿಟ್ಟುಹೋಯಿತು. ಕಾನೂನು ವಿಧಿಸಿದ ಕ್ರಮ ಅಂತಷ್ಟೇ ಉಳಿಯಿತು. ಅದು ಅವರ ಮನಸ್ಸಿನಲ್ಲಿ ಕೊರೀತಾ ಇತ್ತು. 1949ರ ಸೆಪ್ಟೆಂಬರಿನಲ್ಲಿ ಹೊಸ ವಿಧಿಯೊಂದನ್ನ ತಂದರು, ಬಿಟ್ಟುಹೋದದ್ದಕ್ಕೆ ಪರಿಹಾರ ಅಂತಲೇ ತಂದರು. ಅದೇ ಈಗಿನ 22ನೇ ವಿಧಿ. ಹಿಡಿದವನಿಗೆ ಯಾಕೆ ಹಿಡಿದಿರಿ ಅಂತ ಹೇಳಬೇಕು, ವಕೀಲನನ್ನ ಇಟ್ಟುಕೊಳ್ಳೋಕೆ ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಹೆಜ್ಜೆ ಮುಂದಿಟ್ಟಿತು. ಕ್ರಮ ಅಂದರೆ ಸಾಲದು, ಅದು ನ್ಯಾಯವಾಗಿರಬೇಕು ಅಂತು. ಕಾರಣ ಕೇಳೋ ಹಕ್ಕು ನಮಗೆ ಯಾರೋ ಕೊಟ್ಟ ಭಿಕ್ಷೆ ಅಲ್ಲ. ನಮ್ಮವರೇ ಬರೆದಿಟ್ಟ ಆಸ್ತಿ. ಇದಕ್ಕೆ ಪಹಣಿ ಬೇಡ.

ಏನು ಮಾಡೋಣ?

ಭಾಷಣ ಸಾಕು. ಪೆನ್ನು ತೆಗೀರಿ.

ಒಂದು: ನಾಲ್ಕು ತಾಲ್ಲೂಕಿನ ಹಾಸ್ಟೆಲ್ಲುಗಳಿಂದ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕೋಣ. 10 ವರ್ಷದಲ್ಲಿ ಎಷ್ಟು ಕೋವಿ ಪರವಾನಗಿ ಕೊಟ್ಟರು? ಅದರಲ್ಲಿ ಪರಿಶಿಷ್ಟರಿಗೆ ಎಷ್ಟು? ಎಷ್ಟು ನಿರಾಕರಿಸಿದರು? ಚಿತ್ತ ಸ್ವಸ್ಥವಿಲ್ಲ ಅಂತ ಎಷ್ಟು, "ಯಾವುದೇ ಕಾರಣ" ಅಂತ ಎಷ್ಟು? ಹೆಸರು ಬೇಡ, ಲೆಕ್ಕ ಸಾಕು. ಉತ್ತರಕ್ಕೆ 30 ದಿನ.

ಎರಡು: 1995ರ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಾಗೃತಿ ಸಮಿತಿ ಇದೆ, ಉಪವಿಭಾಗ ಮಟ್ಟದಲ್ಲೂ ಸಮಿತಿ ಇರಬೇಕು. 3 ತಿಂಗಳಿಗೊಮ್ಮೆ ಸಭೆ ಸೇರಬೇಕು. ನಮ್ಮ ಉಪವಿಭಾಗದ ಕಚೇರಿ ಹುಣಸೂರಿನಲ್ಲೇ ಇದೆ. 3ನೇ ನಿಯಮದಡಿ ಯಾವ ಊರು ಗುರುತಿಸಿದ್ದೀರಿ, ಯಾವ ಪರವಾನಗಿ ಪರಿಶೀಲಿಸಿದ್ದೀರಿ ಅಂತ ಲಿಖಿತವಾಗಿ ಕೇಳೋಣ.

ಮೂರು: 107 ಇರಲಿ, 126 ಇರಲಿ, ಏಟು ತಿಂದವರಿಗೆ ಮುಚ್ಚಳಿಕೆ ನೋಟಿಸು ಬಂದರೆ ಸುಮ್ಮನೆ ಹೆಬ್ಬೆಟ್ಟು ಒತ್ತಿ ಬರೋದು ಬೇಡ. ನೋಟಿಸಿನಲ್ಲಿ ಕಾರಣ ಏನಿದೆ ಅಂತ ಓದಿಸಿ, ಆಕ್ಷೇಪಣೆ ಬರೆದು ಕೊಡಿ. ಓದಿದವರು ಇದಕ್ಕೇ ಇರೋದು.

ನಾಲ್ಕು: ಮನಸ್ಸಿಗೆ ಕಷ್ಟ ಆದ ಗೆಳೆಯನನ್ನ ಹುಚ್ಚ ಅಂತ ಕರೆಯೋದನ್ನ ನಮ್ಮ ಕೊಠಡಿಯಿಂದಲೇ ನಿಲ್ಲಿಸೋಣ. ಸರ್ಕಾರದ ಟೆಲಿ ಮಾನಸ್ ದೂರವಾಣಿ 14416. ಬಾಗಿಲ ಹಿಂದೆ ಬರೆದು ಅಂಟಿಸಿ. ಜೊತೆಗೆ ಹೋಗಿ ಡಾಕ್ಟರಿಗೆ ತೋರಿಸಿ.

ಗೆಳೆಯರೇ, ಕೋವಿ ಯಾರ ಕೈಗೆ ಬೇಕಾದರೂ ಹೋಗದಿರಲಿ, ಒಳ್ಳೆಯದು. ಅಧಿಕಾರಿ ಬೇಡ ಅನ್ನಲಿ, ಅಡ್ಡಿ ಇಲ್ಲ. ಆದರೆ ಇನ್ನು ಮುಂದೆ ನಮಗೆ ಬೇಡ ಅನ್ನೋ ಯಾವುದೇ ಬಾಯಿ ಅದರ ಕಾರಣವನ್ನ ತಾರೀಖು ಹಾಕಿ, ರುಜು ಹಾಕಿ, ಕಾಗದದ ಮೇಲೆ ಬರೆದು ಕೊಡಲಿ. ಆ ಕಾಗದ ಹಿಡಿದು ಮುಂದಿನ ಬಾಗಿಲು ತಟ್ಟೋದು ನಮಗೆ ಗೊತ್ತು.

ಜೈ ಭೀಮ್!